ಹೂವಿನ ಬಣ್ಣದ ಆನುವಂಶಿಕತೆ: ಪ್ರಬಲ ಮತ್ತು ದುರ್ಬಲ ಆಲೀಲುಗಳು

ಒಂದು ಗುಣವನ್ನು ನಿರ್ಧರಿಸುವ ವಂಶವಾಹಿಯು ಒಂದಕ್ಕಿಂತ ಹೆಚ್ಚು ರೂಪಗಳಲ್ಲಿರಬಹುದು. ಆ ರೂಪಗಳೇ ಆಲೀಲುಗಳು. ತಾಯಿ, ತಂದೆಗಳಿಂದ ಒಂದೊಂದರಂತೆ ಎರಡು ಆಲೀಲುಗಳು ಸಂತಾನಕ್ಕೆ ಬರುತ್ತವೆ. ಅವು ಬೇರೆ ಬೇರೆಯಾಗಿದ್ದಾಗ ಹೊರಗೆ ತೋರುವುದನ್ನು ಪ್ರಬಲವೆಂದೂ ಮರೆಯಾಗುವುದನ್ನು ದುರ್ಬಲವೆಂದೂ ಕನ್ನಡದಲ್ಲಿ ಕರೆಯುವ ರೂಢಿಯಿದೆ. ಹಿಂದೂಪುರ, ಕಲ್ಯಾಣದುರ್ಗಗಳ ಕನ್ನಡ ಮಕ್ಕಳು ತೆಲುಗು ಮಾಧ್ಯಮದ ಜೀವಶಾಸ್ತ್ರ ಪುಸ್ತಕವನ್ನು ತೆರೆದರೆ ಇವೇ ಗುಣಗಳಿಗೆ ‘ಬಹಿರ್ಗತ’, ‘ಅಂತರ್ಗತ’ ಎಂಬ ಹೆಸರುಗಳನ್ನು ಕಾಣುತ್ತಾರೆ. ಈ ವಿಷಯದಲ್ಲಿ ತೆಲುಗಿನ ಜೋಡಿಯೇ ಹೆಚ್ಚು ಸಮರ್ಪಕವೆಂದು ಹೇಳಲು ನಮಗೆ ಸಂಕೋಚವಿಲ್ಲ. ದುರ್ಬಲವೆಂದೊಡನೆ ಸೊರಗಿ ಅಳಿಯುವುದೆಂಬ ಭಾವನೆ ಮೂಡುತ್ತದೆ. ವಾಸ್ತವವಾಗಿ ಅದು ಅಡಗಿರುತ್ತದೆ, ಅಷ್ಟೆ.

ಗ್ರೆಗರ್ ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಬಟಾಣಿ ಪ್ರಯೋಗಗಳು ಇದಕ್ಕೆ ಆಧಾರ. ನೇರಳೆ ಮತ್ತು ಬಿಳಿ ಹೂವಿನ ಗಿಡಗಳ ಸಂಕರದಿಂದ ಹುಟ್ಟಿದ ಮೊದಲ ಪೀಳಿಗೆಯೆಲ್ಲ ನೇರಳೆ. ಅವುಗಳ ಸ್ವಕೀಯ ಪರಾಗಸ್ಪರ್ಶದಿಂದ ಬಂದ 929 ಗಿಡಗಳಲ್ಲಿ 705 ನೇರಳೆ, 224 ಬಿಳಿ. ಅಂದರೆ ಸುಮಾರು 3:1. ಅಜ್ಜಿಯ ಬಿಳುಪು ಕಿಂಚಿತ್ತೂ ಮಾಸದೆ ಮೊಮ್ಮಕ್ಕಳಲ್ಲಿ ಮರಳಿತ್ತು.

ಕಾರಣ ಸರಳ. ನೇರಳೆಯ ಆಲೀಲು ವರ್ಣದ್ರವ್ಯದ ತಯಾರಿಕೆಯನ್ನು ಚಾಲನೆಗೊಳಿಸುತ್ತದೆ. ಬಿಳಿಯ ಆಲೀಲಿನಲ್ಲಿ ಆ ಸಾಮರ್ಥ್ಯ ಕೆಟ್ಟಿದೆ. ಬಟಾಣಿಗೆ ಕೆಲಸಮಾಡುವ ಒಂದೇ ಪ್ರತಿ ಸಾಕು. ಇಲ್ಲಿ ಒಂದು ಇನ್ನೊಂದನ್ನು ಸೋಲಿಸುವ ಕಾದಾಟವೇನೂ ಇಲ್ಲ.

ಎಲ್ಲ ಹೂಗಳೂ ಹೀಗೆಯೇ ನಡೆಯುವುದಿಲ್ಲ. ನಾವು ಸಂಜೆಮಲ್ಲಿಗೆಯೆಂದೂ ತೆಲುಗರು ಚಂದ್ರಕಾಂತವೆಂದೂ ಕರೆಯುವ ಹಿತ್ತಿಲಿನ ಗಿಡವನ್ನೇ ನೋಡಬಹುದು. ಜರ್ಮನಿಯ ಕಾರ್ಲ್ ಕೊರೆನ್ಸ್ ಅದರ ಕೆಂಪು, ಬಿಳಿ ಬಗೆಗಳನ್ನು ಕೂಡಿಸಿದಾಗ ಗುಲಾಬಿ ಬಣ್ಣ ಬಂದಿತು. ಮುಂದಿನ ಪೀಳಿಗೆಯಲ್ಲಿ ಕೆಂಪು, ಗುಲಾಬಿ, ಬಿಳಿ 1:2:1ರಂತೆ ಒಡೆದವು. ಒಂದೇ ಪ್ರತಿಯಿಂದ ಪೂರ್ಣ ಬಣ್ಣ ಹೊಮ್ಮದ ಇದನ್ನು ಅಪೂರ್ಣ ಪ್ರಾಬಲ್ಯ ಎನ್ನುತ್ತಾರೆ.

ಈ ತಿಳಿವಳಿಕೆ ಪರೀಕ್ಷೆಯ ಅಂಕಗಳಿಗಷ್ಟೇ ಸೀಮಿತವಲ್ಲ. ಹೈಬ್ರಿಡ್ ಚೆಂಡುಹೂವಿನ ತೋಟದಿಂದಲೇ ಬೀಜ ಆರಿಸಿಟ್ಟು ಬಿತ್ತಿದ ರೈತನಿಗೆ ಮರುವರ್ಷ ಬಣ್ಣ, ಗಾತ್ರಗಳು ಒಂದೇ ಸಮ ಬರುವುದಿಲ್ಲ. ಮಾರಾಟಗಾರ ಕಳಪೆ ಬೀಜ ಕೊಟ್ಟನೆಂಬ ಶಂಕೆ ಸಹಜ. ಆದರೆ ಮೊದಲ ಪೀಳಿಗೆಯಲ್ಲಿ ಅಡಗಿದ್ದ ಆಲೀಲುಗಳು ಎರಡನೆಯದರಲ್ಲಿ ಜೊತೆಗೂಡಿ ಹೊರಬಂದಿರುತ್ತವೆ. ಬೀಜ ಉಳಿಸುವವರು ಗಮನಿಸಬೇಕಾದುದು ಇನ್ನೊಂದಿದೆ: ಬಟಾಣಿಯಂತಹ ಗಿಡದಲ್ಲಿ ಬಿಳಿ ಹೂವು ತನ್ನಷ್ಟಕ್ಕೇ ಬೀಜ ಕಟ್ಟಿದರೆ ಸಂತತಿ ಬಿಳಿಯೇ, ನೇರಳೆಯನ್ನು ಮಾತ್ರ ಕಣ್ಣಳತೆಯಿಂದ ನಂಬಲಾಗದು. ಮೆಂಡೆಲ್ ಎರಡನೆಯ ಪೀಳಿಗೆಯ ಇಂತಹ 100 ಗಿಡಗಳನ್ನು ಪರೀಕ್ಷಿಸಿದಾಗ 36 ಮಾತ್ರ ಶುದ್ಧವಾಗಿದ್ದವು, 64 ಬಿಳಿಯನ್ನು ಒಳಗಿರಿಸಿಕೊಂಡಿದ್ದವು. ಸಂದೇಹವಿದ್ದರೆ ಬಿಳಿ ಹೂವಿನೊಡನೆ ಸಂಕರಿಸಿ ನೋಡಬೇಕು. ಸಂತತಿಯಲ್ಲಿ ಒಂದು ಬಿಳಿ ಕಂಡರೂ ಗುಟ್ಟು ರಟ್ಟಾದಂತೆ. ಸೇವಂತಿಗೆಯನ್ನು ಕಂದು, ಕಡ್ಡಿಗಳಿಂದ ಬೆಳೆಸುವವರಿಗೆ ಈ ತೊಡಕಿಲ್ಲ, ಅಲ್ಲಿ ತಾಯಿಗಿಡದ ಆಲೀಲುಗಳೇ ಹೊಸ ಗಿಡಕ್ಕೂ ಬರುತ್ತವೆ.