ಹಳೆಯದಾದ ಮೇಲೆ ಹಳ್ಳಿಗೆ ಬಂದ ಕಾರು

ನಮ್ಮ ಹಳ್ಳಿಗಳಿಗೆ ಕಾರು ಬಂದದ್ದು ಅದು ಹಳೆಯದಾದ ಮೇಲೆ. ಶೋರೂಮಿನಿಂದ ನೇರ ಊರಿಗೆ ಬಂದು, ಚಕ್ರದಡಿ ನಿಂಬೆಹಣ್ಣು ಒಡೆದು, ಮನೆ ಮುಂದೆ ನಿಲ್ಲುವ ಹೊಸ ಕಾರಿನ ಚಿತ್ರ ತೀರಾ ಈಚಿನದು. ಅದಕ್ಕೂ ಹಿಂದೆ ಊರಿಗೆ ಬರುತ್ತಿದ್ದ ಅಂಬಾಸಿಡರ್ ಆಗಲಿ, ಫಿಯೆಟ್ ಆಗಲಿ, ಪಟ್ಟಣದ ಯಾರೋ ಡಾಕ್ಟರರ ಮನೆಯಲ್ಲೋ ಕಂಪನಿಯೊಂದರ ಸಾಹೇಬರ ಕೈಯಲ್ಲೋ ಹತ್ತು ಹದಿನೈದು ವರ್ಷ ದುಡಿದು, ಆಮೇಲೆ ತಾಲ್ಲೂಕು ಪೇಟೆಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಇನ್ನಷ್ಟು ಕಾಲ ನಿಂತು, ಕೊನೆಗೆ ನಮ್ಮವರ ಕೈಗೆ ಸಿಗುತ್ತಿತ್ತು.

ಈ ಮಾತು ಈಗ ಯಾಕೆ ಅಂದರೆ, ಹಳೇ ಕಾರು ಹುಡುಕುವ ಹುಡುಗರು ಈಗ ಮತ್ತೆ ಕಾಣಿಸುತ್ತಿದ್ದಾರೆ. ಹೊಸ ಚಿಕ್ಕ ಕಾರು ಅಂದರೂ ಲಕ್ಷಗಳ ಲೆಕ್ಕ, ಮೇಲೆ ಐದಾರು ವರ್ಷದ ಕಂತು. ಓಡುವ ಸ್ಥಿತಿಯಲ್ಲಿರುವ ಮಾರುತಿ 800 ಒಂದು ಒಳ್ಳೆಯ ಕರೆಯುವ ಎಮ್ಮೆಯ ಬೆಲೆಯ ಆಸುಪಾಸಿನಲ್ಲೇ ಸಿಗುತ್ತದೆ. ಪೇಟೆಯವರು ಹಳೇ ಕಾರಿನ ಮೋಹವನ್ನು ಶೋಕಿ ಅನ್ನುತ್ತಾರೆ, ನೆನಪಿನ ಹುಚ್ಚು ಅನ್ನುತ್ತಾರೆ. ಹಳ್ಳಿಯ ಮಟ್ಟಿಗೆ ನನಗೆ ಹಾಗನ್ನಿಸುವುದಿಲ್ಲ. ಇದಕ್ಕೆ ಬೇರೆಯೇ ಕಾರಣ ಇದೆ, ಅದು ಈ ಕಾರುಗಳ ಚರಿತ್ರೆಯಲ್ಲೇ ಇದೆ.

ಭಾರತದಲ್ಲೇ ಕಾರು ತಯಾರಾಗಬೇಕು ಎಂದು ಮೊದಲು ಹಟ ಹಿಡಿದವರಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರೂ ಒಬ್ಬರು. ಕನ್ನಂಬಾಡಿ ಕಟ್ಟೆಯ ಜೊತೆ ಅವರ ಹೆಸರು ಹೇಳುವ ನಾವು ಈ ವಿಷಯ ಮರೆತಿದ್ದೇವೆ. 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯುರೋಪ್ ಮತ್ತು ಅಮೆರಿಕದ ಕಾರು ಕಾರ್ಖಾನೆಗಳನ್ನು ಸುತ್ತಿ ಬಂದು ಬೊಂಬಾಯಿಯಲ್ಲಿ ಒಂದು ಕಾರ್ಖಾನೆ ಕಟ್ಟುವ ಯೋಜನೆ ಬರೆದರು. ಉದ್ಯಮಿ ವಾಲಚಂದ್ ಹಿರಾಚಂದ್ ಅದರ ಬೆನ್ನಿಗೆ ನಿಂತರು. ಬ್ರಿಟಿಷ್ ಸರ್ಕಾರ ಒಪ್ಪಿಗೆಯ ಕೈ ಕೊಡಲಿಲ್ಲ. ಕಾರಿನ ಕನಸು ಹಿಡಿದು ಓಡಾಡುತ್ತಿದ್ದ ವಾಲಚಂದ್ ನಡುವೆ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದರು. ಇಂದಿನ ಎಚ್‌ಎಎಲ್ ಅದೇ. ಕಾರಿನ ಕಂಪನಿ ಪ್ರೀಮಿಯರ್ ಆಟೋಮೊಬೈಲ್ಸ್ ಹುಟ್ಟಿದ್ದು 1944ರಲ್ಲಿ. ಮುಂದೆ ಅದು ಇಟಲಿಯ ಫಿಯೆಟ್ ಜೊತೆ ಕೈ ಸೇರಿಸಿ ಮುಂಬೈನ ಕುರ್ಲಾದಲ್ಲಿ ಕಾರು ಮಾಡಿತು. 1970ರ ದಶಕದಲ್ಲಿ ಅದೇ ಕಾರಿಗೆ ಪದ್ಮಿನಿ ಎಂಬ ಹೆಸರು ಬಂತು.

ಇನ್ನೊಂದು ಕಡೆ ಬಿರ್ಲಾ ಕುಟುಂಬದ ಹಿಂದೂಸ್ತಾನ್ ಮೋಟಾರ್ಸ್. 1942ರಲ್ಲಿ ಗುಜರಾತಿನಲ್ಲಿ ಶುರುವಾಗಿ ಆಮೇಲೆ ಪಶ್ಚಿಮ ಬಂಗಾಳದ ಉತ್ತರಪಾರಾಕ್ಕೆ ಹೋದ ಕಂಪನಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚುಗಳನ್ನು ತಂದು 1950ರ ದಶಕದ ಕೊನೆಯಲ್ಲಿ ಅಂಬಾಸಿಡರ್ ಮಾಡಿದರು. ಇಂಗ್ಲೆಂಡಿನಲ್ಲಿ ಆ ಮಾದರಿ ಕೆಲವೇ ವರ್ಷಕ್ಕೆ ನಿಂತಿತು. ಇಲ್ಲಿ 2014ರ ಮೇ ತಿಂಗಳವರೆಗೆ, ಅರ್ಧ ಶತಮಾನಕ್ಕೂ ಹೆಚ್ಚು ಕಾಲ, ಹೊರಗಿನ ಆಕಾರ ಹೆಚ್ಚೇನೂ ಬದಲಾಗದೆ ನಡೆಯಿತು. ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಸೇರಿಸಿಕೊಂಡರೆ ದೇಶಕ್ಕೆಲ್ಲ ಮೂರು ಕಾರು.

ಈ ಮೂರೂ ಹೊಸದಾಗಿದ್ದಾಗ ಅಗ್ಗ ಇರಲಿಲ್ಲ, ಸುಲಭಕ್ಕೆ ಸಿಗುತ್ತಲೂ ಇರಲಿಲ್ಲ. ಎಷ್ಟು ಕಾರು ಮಾಡಬೇಕು ಎಂಬುದಕ್ಕೆ ಸರ್ಕಾರದ ಲೈಸೆನ್ಸ್ ಬೇಕು. ಬೆಲೆಯ ಮೇಲೂ ಸರ್ಕಾರದ ಹಿಡಿತ. ದುಡ್ಡು ಕಟ್ಟಿ ವರ್ಷಗಟ್ಟಲೆ ಸರದಿ ಕಾಯಬೇಕು. ಸರದಿ ಬಂದವನು ಕಾರು ಬಿಡಿಸಿಕೊಂಡು ಮರುದಿನವೇ ಮಾರಿದರೂ ಕೊಟ್ಟದ್ದಕ್ಕಿಂತ ಹೆಚ್ಚು ಸಿಗುತ್ತಿತ್ತು ಅಂದರೆ ಆ ಕಾಲ ಊಹಿಸಿಕೊಳ್ಳಿ. ಅಧಿಕಾರಿಗಳು, ಮಂತ್ರಿಗಳು, ಎಸ್ಟೇಟ್ ಮಾಲೀಕರು, ದೊಡ್ಡ ವ್ಯಾಪಾರಿಗಳು ಬಿಟ್ಟರೆ ಹೊಸ ಕಾರಿನ ಮುಖ ಕಂಡವರು ಕಡಿಮೆ. ಬಿಳಿ ಅಂಬಾಸಿಡರ್ ಊರೊಳಗೆ ಬಂತೆಂದರೆ ಜನ ಎದ್ದು ನಿಲ್ಲುತ್ತಿದ್ದದ್ದು ಕಾರಿಗಲ್ಲ, ಒಳಗೆ ಕೂತ ಸರ್ಕಾರಕ್ಕೆ.

ಅದೇ ಕಾರು ಹಳೆಯದಾಗಿ ನಮ್ಮ ಕಡೆ ಬಂದಾಗ ಮರ್ಯಾದೆ ಬೇರೆ ಥರದ್ದಾಯಿತು. ಮದುವೆ ದಿಬ್ಬಣಕ್ಕೆ ಅದೇ, ಹೆರಿಗೆ ನೋವು ಬಂದರೆ ಆಸ್ಪತ್ರೆಗೆ ಅದೇ, ಧರ್ಮಸ್ಥಳಕ್ಕೆ ಮುಡಿ ಕೊಡಲು ಹೋಗಲೂ ಅದೇ. ಗೇರ್ ಸ್ಟೀರಿಂಗ್ ಪಕ್ಕದಲ್ಲಿ, ಮುಂದಿನ ಸೀಟು ಬೆಂಚಿನ ಹಾಗೆ ಒಂದೇ ಉದ್ದಕ್ಕೆ. ಹಾಗಾಗಿ ಡ್ರೈವರ್ ಪಕ್ಕ ಇಬ್ಬರು, ಒತ್ತಿದರೆ ಮೂವರು. ಹಿಂದೆ ಎಷ್ಟು ಜನ ಎಂದು ಯಾರೂ ಎಣಿಸುತ್ತಿರಲಿಲ್ಲ. ಪೊಲೀಸರೂ ಸೇರಿ. ಮುಂದೆ ಗೇರ್ ಕೆಳಗಿಳಿದು, ಸೀಟು ಎರಡು ತುಂಡಾದಾಗ ಒಂದಾಳಿನ ಜಾಗ ಹೋಯಿತು.

ಆದರೆ ಹದಿನೈದು ವರ್ಷ ಹಳೆಯ ಯಂತ್ರ ಕಂಪನಿ ಸರ್ವಿಸ್ ಸೆಂಟರ್ ಇಲ್ಲದ ಊರಿನಲ್ಲಿ ಇನ್ನೂ ಇಪ್ಪತ್ತು ವರ್ಷ ಓಡಿದ್ದು ಹೇಗೆ? ಇಡೀ ಕಥೆಯ ಗುಟ್ಟು ಇಲ್ಲೇ ಇದೆ. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತಿತ್ತು. ಎಂಜಿನ್ ಸುತ್ತ ಕೈ ಆಡಲು ಜಾಗ ಇತ್ತು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಬಿಚ್ಚಿ, ಜೆಟ್ ಊದಿ, ಪೆಟ್ರೋಲಿನಲ್ಲಿ ತೊಳೆದು ಮತ್ತೆ ಕೂರಿಸಬಹುದಿತ್ತು. ಕಿಡಿ ಬರಲಿಲ್ಲವೆಂದರೆ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಒಳಗಿನ ಪಾಯಿಂಟನ್ನು ಮರಳು ಕಾಗದದಲ್ಲಿ ಉಜ್ಜಿ, ಸಂದು ಸರಿಮಾಡಿದರೆ ಮುಗಿಯಿತು. ಸಂದು ಅಳೆಯುವ ಗೇಜ್ ಕೈಗೆ ಸಿಗದಿದ್ದರೆ ದಪ್ಪ ಕಾಗದದ ಚೂರೇ ಗೇಜ್. ಹೆಡ್‌ಲೈಟ್ ದುಂಡಗಿನದು, ಏಳಿಂಚಿನದು, ಲಾರಿ ಸಾಮಾನಿನ ಅಂಗಡಿಯಲ್ಲೂ ಹೊಂದುವಂಥದು ಸಿಗುತ್ತಿತ್ತು. ಅಂಬಾಸಿಡರ್‌ನ ಹಿಂದಿನ ಸ್ಪ್ರಿಂಗು ಲಾರಿಯದರ ಹಾಗೆ ಪಟ್ಟಿಗಳದ್ದು. ಒಂದು ಪಟ್ಟಿ ಮುರಿದರೆ ಅದೊಂದನ್ನೇ ಬದಲಿಸಿದರೆ ಆಯಿತು. ಬೇಸಗೆಯಲ್ಲಿ ಘಾಟಿ ಹತ್ತುವಾಗ ಪದ್ಮಿನಿಗೆ ಒಂದು ಕಾಯಿಲೆ ಇತ್ತು. ಶಾಖಕ್ಕೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಎಂಜಿನ್ನಿಗೆ ಹೋಗದೆ ಗಾಡಿ ನಿಲ್ಲುತ್ತಿತ್ತು. ಮದ್ದು ಏನು? ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ, ಒಂದು ಬೀಡಿ ಮುಗಿಯುವವರೆಗೆ ಕಾಯುವುದು.

ಈ ವಿದ್ಯೆಗೆ ಐಟಿಐ ಸರ್ಟಿಫಿಕೇಟ್ ಬೇಕಿರಲಿಲ್ಲ. ಗ್ಯಾರೇಜಿನಲ್ಲಿ ಚಹಾ ತರುತ್ತಿದ್ದ ಹುಡುಗ ಸ್ಪ್ಯಾನರ್ ಎತ್ತಿ ಕೊಡುತ್ತಾ ಕೊಡುತ್ತಾ ಮೇಸ್ತ್ರಿ ಆಗುತ್ತಿದ್ದ. ಕಾರು ಇಟ್ಟವನಿಗೂ ಅರ್ಧ ವಿದ್ಯೆ ಬರುತ್ತಿತ್ತು, ಬರಲೇಬೇಕಿತ್ತು. ಪಂಪ್‌ಸೆಟ್ ಮೋಟಾರು ಸುಟ್ಟರೆ ರಿವೈಂಡ್ ಮಾಡಿಸುವ, ಟಿಲ್ಲರ್ ಬಿಚ್ಚಿ ಕೂರಿಸುವ ರೈತನಿಗೆ ಈ ಕಾರು ಪರಕೀಯ ಅನ್ನಿಸಲೇ ಇಲ್ಲ. ಅದು ಅವನ ಉಳಿದ ಯಂತ್ರಗಳ ಜಾತಿಯದೇ.

ಮಲೆನಾಡಿನವರು ಇಷ್ಟು ಹೊತ್ತಿಗೆ ಜೀಪಿನ ಮಾತು ಎಲ್ಲಿ ಎಂದು ಕೇಳುತ್ತಿರುತ್ತಾರೆ. ಸರಿ. ಅಮೆರಿಕದ ವಿಲ್ಲಿಸ್ ಜೀಪನ್ನು ಮಹೀಂದ್ರಾ ಕಂಪನಿ ಇಲ್ಲಿ ಜೋಡಿಸಲು ಶುರು ಮಾಡಿದ್ದು 1940ರ ದಶಕದ ಕೊನೆಯಲ್ಲಿ. ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಅದರ ಮೊಮ್ಮಕ್ಕಳು ಇವತ್ತಿಗೂ ದುಡಿಯುತ್ತಿವೆ, ಕೊಡಚಾದ್ರಿಗೆ ಜನರನ್ನು ಹತ್ತಿಸುತ್ತಿವೆ. ಅಲ್ಲಿ ಹಳೇ ಗಾಡಿ ಎಂಬುದು ಹವ್ಯಾಸ ಅಲ್ಲವೇ ಅಲ್ಲ, ಆ ದಾರಿಗೆ ಬೇರೆ ಗಾಡಿ ಆಗುವುದಿಲ್ಲ ಅಷ್ಟೆ.

1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಕಾರಿನ ಕೀಲಿಯನ್ನು ಪ್ರಧಾನಿ ಇಂದಿರಾ ಗಾಂಧಿ ಕೊಟ್ಟರು. ಬೆಲೆ 50 ಸಾವಿರ ರೂಪಾಯಿಯ ಆಸುಪಾಸು. ಜಪಾನಿನ ಸುಜುಕಿಯ 796 ಸಿಸಿ ಎಂಜಿನ್, ಮೂರೇ ಸಿಲಿಂಡರ್. ಹಗುರ ಗಾಡಿ, ಒಳ್ಳೆಯ ಮೈಲೇಜು, ಒಂದೇ ಸೆಲ್ಫಿಗೆ ಸ್ಟಾರ್ಟ್. ಅಂಬಾಸಿಡರ್ ತಳ್ಳಿ ತಳ್ಳಿ ಬೆವರಿದವರಿಗೆ ಅದು ಪವಾಡ. ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಗಾಡಿ ಮಾರಾಟವಾಗಿ 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ಅಂಬಾಸಿಡರ್ ನಿಂತದ್ದೂ ಅದೇ ವರ್ಷ, ನಾಲ್ಕು ತಿಂಗಳ ಆಚೆ ಈಚೆ. ಮಾರುತಿಯೂ ನಮ್ಮ ಕಡೆ ಹೆಚ್ಚಾಗಿ ಬಂದದ್ದು ಎರಡನೇ ಕೈ, ಮೂರನೇ ಕೈಯಾಗಿಯೇ. ಸುಮಾರು 2000ದವರೆಗಿನ ಗಾಡಿಗಳಲ್ಲಿ ಕಾರ್ಬುರೇಟರೇ ಇದ್ದುದರಿಂದ ಹಳೇ ಮೇಸ್ತ್ರಿಗಳು ಅದನ್ನೂ ಬೇಗ ಕಲಿತರು.

ಇಂದಿನ ಕಾರು ಕೆಟ್ಟಾಗ ಫಲಕದ ಮೇಲೆ ಹಳದಿ ದೀಪ ಹತ್ತುತ್ತದೆ. ಯಾಕೆ ಹತ್ತಿತು ಎಂದು ತಿಳಿಯಲು ಸ್ಕ್ಯಾನರ್ ಬೇಕು. ಸೆನ್ಸರ್ ಹೋಗಿದ್ದರೆ ರಿಪೇರಿ ಎಂಬುದಿಲ್ಲ, ಬದಲಿಸಬೇಕು. ಲೈಟಿನ ಗಾಜು ಒಡೆದರೆ ಇಡೀ ಡಬ್ಬಿಯೇ ಹೊಸದು. ಊರಿನ ಗ್ಯಾರೇಜು ಆಯಿಲ್ ಬದಲಿಸುವ, ಪಂಕ್ಚರ್ ಹಾಕುವ ಜಾಗವಾಗಿ ಉಳಿಯಿತು. ಕೊಂಡವನು ಕಂತು ಕಟ್ಟುತ್ತಾನೆ, ಬಾನೆಟ್ ಮಾತ್ರ ಎತ್ತುವುದಿಲ್ಲ. ಹಳೇ ಕಾರನ್ನು ಹುಡುಕುವ ಹುಡುಗನಿಗೆ ಬೇಕಾಗಿರುವುದು ತನ್ನ ಕೈಗೆ ಸಿಗುವ ಯಂತ್ರ ಎಂದು ನಾನು ಹೇಳುವುದು ಇದಕ್ಕೇ.

ಹಾಗಂತ ಹಳೆಯದೆಲ್ಲ ಚಿನ್ನ ಅನ್ನಲಾರೆ. ಪದ್ಮಿನಿಯಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಬ್ರೇಕ್ ಇಲ್ಲ. ತಗಡು ದಪ್ಪ ಇದ್ದರೆ ಜೀವ ಉಳಿಯುತ್ತದೆ ಎಂಬುದು ನಮ್ಮಲ್ಲಿ ಬೇರೂರಿದ ತಪ್ಪು ನಂಬಿಕೆ. ಗುದ್ದಿದಾಗ ಮುಂಭಾಗ ಮಡಿಚಿಕೊಂಡು ಪೆಟ್ಟು ನುಂಗುವ ಹಾಗೆ ಹೊಸ ಕಾರನ್ನು ಮಾಡಿರುತ್ತಾರೆ. ಹಳೆಯದರಲ್ಲಿ ಆ ಪೆಟ್ಟು ಒಳಗೆ ಕೂತವರ ಎದೆಗೇ ಬರುತ್ತದೆ. ಹೊಗೆಯ ವಿಷಯದಲ್ಲೂ ಅಷ್ಟೆ, 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಗಾಡಿಯ ಪಕ್ಕ ಹಳೇ ಡೀಸೆಲ್ ಅಂಬಾಸಿಡರ್ ನಿಲ್ಲಲಾರದು. ಸಂತೆಗೆ, ತೋಟಕ್ಕೆ, ಪಕ್ಕದೂರಿಗೆ ಸರಿ. ಮಕ್ಕಳನ್ನು ಕೂರಿಸಿಕೊಂಡು ರಾತ್ರಿ ಹೆದ್ದಾರಿಯಲ್ಲಿ ಬೆಂಗಳೂರಿಗೆ ಹೋಗುವುದಕ್ಕೆ ನಾನಂತೂ ಹೊಸ ಕಾರನ್ನೇ ಆರಿಸುತ್ತೇನೆ.

ಇನ್ನು ಕಾನೂನು. ಹದಿನೈದು ವರ್ಷ ಆದರೆ ಕಾರು ಗುಜರಿಗೆ ಎಂಬ ವಾಟ್ಸ್ಆ್ಯಪ್ ಸಂದೇಶ ನಿಮಗೂ ಬಂದಿರಬಹುದು. ಖಾಸಗಿ ಕಾರಿಗೆ ನಮ್ಮ ರಾಜ್ಯದಲ್ಲಿ ಅದು ನಿಜವಲ್ಲ. ಪೆಟ್ರೋಲಿಗೆ 15, ಡೀಸೆಲ್‌ಗೆ 10 ವರ್ಷ ಎಂಬ ಮಿತಿ ಹುಟ್ಟಿದ್ದು ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ. 2023ರ ಏಪ್ರಿಲ್‌ನಿಂದ 15 ವರ್ಷ ಮೀರಿದ್ದಕ್ಕೆ ನೋಂದಣಿ ರದ್ದಾಗುವುದು ಸರ್ಕಾರಿ ವಾಹನಗಳಿಗೆ. ನಮ್ಮ ಖಾಸಗಿ ಕಾರು 15 ವರ್ಷದ ನಂತರ ತಪಾಸಣೆಯಲ್ಲಿ ಪಾಸಾಗಿ, ಹಸಿರು ತೆರಿಗೆ ಕಟ್ಟಿದರೆ ಐದೈದು ವರ್ಷಕ್ಕೆ ನವೀಕರಣ ಆಗುತ್ತದೆ.

ಆದರೆ ನವೀಕರಣದ ಶುಲ್ಕ ನೋಡಿ. 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಮಾಡಿದರು. ಎಮ್ಮೆಯ ಬೆಲೆಗೆ ಬಂದ ಕಾರಿಗೆ ಇದು ಸಣ್ಣ ಮೊತ್ತ ಅಲ್ಲ.

ಅದೇ ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. 50 ವರ್ಷ ದಾಟಿ, ಮೂಲ ರೂಪ ಕೆಡದೆ ಉಳಿದಿರುವ ಗಾಡಿಗೆ ಬೇರೆಯೇ ನಂಬರ್ ಪ್ಲೇಟ್, 20,000 ರೂಪಾಯಿಗೆ ಹತ್ತು ವರ್ಷದ ನೋಂದಣಿ. ಪ್ರದರ್ಶನಕ್ಕೆ, ರ‍್ಯಾಲಿಗೆ ಒಯ್ಯಬಹುದು. ದಿನನಿತ್ಯ ಓಡಿಸುವ ಹಾಗಿಲ್ಲ. ಅಂದರೆ ಶ್ರೀಮಂತನ ಶೆಡ್ಡಿನಲ್ಲಿ ನಿಂತ ಗಾಡಿ ಪರಂಪರೆ, ರಾಗಿ ಮೂಟೆ ಹೊತ್ತು ಸಂತೆಗೆ ಹೋಗುವ ಗಾಡಿ ಹಳೇ ಕಬ್ಬಿಣ. 1986ರ ಮಾರುತಿ 800 ವಿಂಟೇಜ್ ಅನ್ನಿಸಿಕೊಳ್ಳಲು 2036ರ ತನಕ ಕಾಯಬೇಕು. ಅಲ್ಲಿಯವರೆಗೆ ಅದನ್ನು ಓಡಿಸುತ್ತಾ ಉಳಿಸಿಕೊಂಡವನಿಗೇ ಹೆಚ್ಚಿನ ಶುಲ್ಕ. ಇದು ನನಗೆ ಸರಿ ಕಾಣುವುದಿಲ್ಲ. ಹೊಗೆ ಉಗುಳುವ ಗಾಡಿಯನ್ನು ತಪಾಸಣೆಯಲ್ಲಿ ಫೇಲ್ ಮಾಡಲಿ. ಪಾಸಾದದ್ದಕ್ಕೆ ವಯಸ್ಸಿನ ದಂಡ ಯಾಕೆ?

ಇನ್ನೊಂದು ವಿಚಿತ್ರ ಪೆಟ್ರೋಲಿನದು. ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಐದನೇ ಒಂದು ಪಾಲು ಎಥೆನಾಲ್. ಅದರಲ್ಲಿ ಒಂದಷ್ಟು ಮಂಡ್ಯ, ಬೆಳಗಾವಿ, ಬಾಗಲಕೋಟೆಯ ನಮ್ಮದೇ ಕಬ್ಬಿನದು. ಕಬ್ಬು ಬೆಳೆಗಾರರಿಗೆ ಅದರಿಂದ ಅನುಕೂಲ ಇದೆ. ಹಳೇ ಕಾರಿನ ರಬ್ಬರ್ ಪೈಪು, ವಾಷರ್, ಕಾರ್ಬುರೇಟರ್ ಒಳಗಿನ ಸಾಮಾನುಗಳನ್ನು ಮಾತ್ರ ಎಥೆನಾಲ್ ತಿನ್ನುತ್ತದೆ. ಅದು ನೀರಿನಂಶ ಹೀರುವುದರಿಂದ ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ತುಕ್ಕು ಹಿಡಿಯುತ್ತದೆ. ಹಳೇ ಕಾರು ಕೊಳ್ಳುವವರು ಆರ್‌ಸಿ ಅವಧಿ, ಚಾಸಿ ನಂಬರ್ ನೋಡುವ ಜೊತೆಗೆ ಪೆಟ್ರೋಲ್ ಪೈಪುಗಳನ್ನೂ ಬೆರಳಲ್ಲಿ ಒತ್ತಿ ನೋಡಿ. ಮೆತ್ತಗೆ ಅಂಟಂಟಾಗಿದ್ದರೆ, ಬಿರುಕಿದ್ದರೆ ಮೊದಲು ಅವನ್ನು ಎಥೆನಾಲ್ ತಾಳುವ ಪೈಪಿಗೆ ಬದಲಿಸಿ. ಬೆಂಕಿ ಹತ್ತುವುದು ಹೆಚ್ಚಾಗಿ ಇಂಥ ಸೋರಿಕೆಯಿಂದಲೇ.

ಮುಂಬೈ ರಸ್ತೆಗಳಲ್ಲಿ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳ ಅಧಿಕೃತ ಓಡಾಟ 2023ರ ಅಕ್ಟೋಬರ್ ಕೊನೆಗೆ ಮುಗಿಯಿತು. ಅಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ. ಒಡೆದ ಗಾಡಿಗಳ ಬಿಡಿಭಾಗಗಳೇ ಉಳಿದ ಗಾಡಿಗಳ ಆಯುಷ್ಯ. ಬೆಂಗಳೂರಿನ ಜೆ.ಸಿ. ರಸ್ತೆ ಮತ್ತು ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಕೇಳಿಕೊಂಡು ಹೋದರೆ ಕಾರ್ಬುರೇಟರ್, ಗೇರ್ ಲಿವರ್, ಬಾಗಿಲ ಹಿಡಿ ಇನ್ನೂ ಸಿಗುವುದುಂಟು. ಹೋಗುವಾಗ ಹಳೇ ಸಾಮಾನನ್ನು ಒಂದು ಚೀಲದಲ್ಲಿ ಹಾಕಿಕೊಂಡೇ ಹೋಗಿ, ಜೋಡಿ ನೋಡಿ ತರುವುದಕ್ಕೆ. ಸಾಧ್ಯವಾದರೆ ಊರಿನ ಹಳೇ ಮೇಸ್ತ್ರಿಯನ್ನೂ ಬಸ್ಸು ಹತ್ತಿಸಿಕೊಳ್ಳಿ.