ಸಾರಥಿಗೆ ಉತ್ತರ ಕೊಟ್ಟ ದೈತ್ಯರು: ರಾಯಚೂರು ಸೀಮೆಯ ಪರದೆ ಮತ್ತು ಅಟ್ಟ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಹರಡಿರುವ, ಇತಿಹಾಸದ ಪುಸ್ತಕಗಳಲ್ಲಿ ರಾಯಚೂರು ದೋಆಬ್ ಎಂದು ಹೆಸರಾದ ನೆಲದಲ್ಲಿ, ಸಿನಿಮಾ ಬರುವುದಕ್ಕೆ ಬಹಳ ಮೊದಲೇ ಜನರು ರಾತ್ರಿಯೆಲ್ಲ ಕುಳಿತು ದೈತ್ಯರನ್ನು ನೋಡುತ್ತಿದ್ದರು. ಆ ದೈತ್ಯರು ಎರಡು ಬಗೆಯಲ್ಲಿ ಬರುತ್ತಿದ್ದರು: ತೊಗಲುಗೊಂಬೆಯಾಟದಲ್ಲಿ ದೀಪದ ಬೆಳಕು ಹಿಂದಿನಿಂದ ಬಿದ್ದ ಬಿಳಿ ಪರದೆಯ ಮೇಲೆ, ದೊಡ್ಡಾಟದಲ್ಲಿ ಮನುಷ್ಯನೇ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಏರುತ್ತಿದ್ದ ಅಟ್ಟದ ಮೇಲೆ. ಇಪ್ಪತ್ತನೆಯ ಶತಮಾನದ ಚಲನಚಿತ್ರವು ಭಾರಿ ಗಾತ್ರದ ಪ್ರಾಣಿಗಳನ್ನು ತೋರಿಸಲು ಹೊರಟಾಗ ಹಿಡಿದದ್ದೂ ಇವೇ ಎರಡು ದಾರಿಗಳನ್ನು, ಎಂದರೆ ಚಿಕ್ಕ ಗೊಂಬೆಯನ್ನು ದೊಡ್ಡದಾಗಿ ತೋರಿಸುವುದು, ಇಲ್ಲವೇ ಮನುಷ್ಯನಿಗೆ ದೈತ್ಯನ ವೇಷ ತೊಡಿಸುವುದು. ಆದುದರಿಂದ ಜಗತ್ತಿನ ದೈತ್ಯಚಿತ್ರಗಳನ್ನು ಮೇಲು ಕೀಳೆಂದು ಸಾಲಾಗಿ ನಿಲ್ಲಿಸಲು ಬೇಕಾದ ಅಳತೆಗೋಲನ್ನು ರಾಯಚೂರು, ಮಾನ್ವಿ, ದೇವದುರ್ಗಗಳ ಬಯಲಿನಲ್ಲೇ ಹುಡುಕಬಹುದು.

ತೊಗಲುಗೊಂಬೆಯಾಟವನ್ನು ವಂಶಪಾರಂಪರ್ಯವಾಗಿ ಆಡಿಸಿಕೊಂಡು ಬಂದವರು ಶಿಳ್ಳೇಕ್ಯಾತರು. ಕಿಳ್ಳೇಕ್ಯಾತರೆಂದೂ ಕರೆಯಲ್ಪಡುವ ಈ ಅಲೆಮಾರಿ ಸಮುದಾಯದವರು ಮನೆಯೊಳಗೆ ಮರಾಠಿಯ ಒಂದು ಉಪಭಾಷೆಯನ್ನಾಡಿದರೂ ಪರದೆಯ ಹಿಂದೆ ಕುಳಿತಾಗ ಕನ್ನಡದಲ್ಲಿ ರಾಮಾಯಣ, ಮಹಾಭಾರತಗಳನ್ನು ಹಾಡಿ ನುಡಿಸುತ್ತಿದ್ದರು. ಆಟವಿಲ್ಲದ ದಿನಗಳಲ್ಲಿ ಹಲವರಿಗೆ ಮೀನು ಹಿಡಿಯುವುದು ಕಸುಬಾಗಿತ್ತು. ಆಡಿನ ಅಥವಾ ಜಿಂಕೆಯ ತೊಗಲನ್ನು ನೆನೆಸಿ, ಕೂದಲು ಕೆರೆದು, ಬೆಳಕು ಹಾಯುವಷ್ಟು ತೆಳುವಾಗಿಸಿ, ಅದರ ಮೇಲೆ ಚಿತ್ರ ಬರೆದು, ಒಡವೆ ಮತ್ತು ಬಟ್ಟೆಯ ಅಂಚುಗಳು ಹೊಳೆಯಲೆಂದು ಸಣ್ಣ ಉಳಿಯಿಂದ ತೂತುಗಳನ್ನು ಕೊರೆದು, ಕೆಂಪು, ಕಪ್ಪು, ಹಸಿರು ಬಣ್ಣಗಳನ್ನು ತುಂಬಿ ಗೊಂಬೆಯನ್ನು ಸಿದ್ಧಪಡಿಸುತ್ತಿದ್ದರು. ಮಳೆ ಹೋದ ವರ್ಷಗಳಲ್ಲಿ ಊರವರೇ ಇವರನ್ನು ಕರೆಸಿ ಆಟ ಆಡಿಸುವ ವಾಡಿಕೆ ಇದ್ದುದರಿಂದ, ಬರಗಾಲಕ್ಕೆ ಹೆಸರಾದ ಈ ಒಣಸೀಮೆಯಲ್ಲಿ ಪರದೆ ಕಟ್ಟುವುದು ಬರಿಯ ಮನರಂಜನೆಯಾಗಿರಲಿಲ್ಲ.

ಈ ಗೊಂಬೆಗಳ ಗಾತ್ರದಲ್ಲಿಯೇ ಒಂದು ಶ್ರೇಣಿ ಅಡಗಿದೆ. ದೇವತೆಗಳು, ಅರಸರು ಮತ್ತು ಹತ್ತು ತಲೆಯ ರಾವಣ ದೊಡ್ಡ ತೊಗಲಿನವರು, ಆಳುಕಾಳುಗಳು ಚಿಕ್ಕವರು. ನಗಿಸುವುದಕ್ಕೆಂದೇ ಬರುವ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕನ ಜೋಡಿಯ ಗೊಂಬೆಗಳು ಗಿಡ್ಡವಾಗಿ, ಕರ್ರಗೆ, ವಿಕಾರವಾಗಿ ಇರುತ್ತಿದ್ದವು. ರಾವಣನ ಭಾರಿತನ ನೋಡುಗರಿಗೆ ತಟ್ಟುತ್ತಿದ್ದದ್ದು ಅವನ ತೊಗಲಿನ ಅಳತೆಯಿಂದ ಮಾತ್ರವಲ್ಲ, ಅದೇ ಪರದೆಯ ಮೇಲೆ ಚಿಕ್ಕವರೂ ಓಡಾಡುತ್ತಿದ್ದರು ಎಂಬುದರಿಂದ. ನದಿಯಾಚೆಯ ತೆಲುಗು ನಾಡಿನ ತೋಲುಬೊಮ್ಮಲಾಟದಲ್ಲಿ ಮನುಷ್ಯನೆತ್ತರದ, ಕೈಕಾಲುಗಳು ಬೇರೆಬೇರೆಯಾಗಿ ಆಡುವ ಗೊಂಬೆಗಳಿದ್ದವು. ಕನ್ನಡದ ಗೊಂಬೆಗಳು ಅವುಗಳ ಮುಂದೆ ಚಿಕ್ಕವು. ಹಾಗಿದ್ದರೂ ಕನ್ನಡದ ರಾವಣ ಚಿಕ್ಕವನೆನಿಸಲಿಲ್ಲವೆಂಬುದು ದೈತ್ಯನ ದೊಡ್ಡತನವು ಪಕ್ಕದಲ್ಲಿರುವವರಿಂದ ಹುಟ್ಟುತ್ತದೆ ಎಂಬುದಕ್ಕೆ ಸಾಕ್ಷಿ. ಚಿತ್ರಕಲಾ ಪರಿಷತ್ತನ್ನು ಕಟ್ಟಿದ ಎಂ.ಎಸ್. ನಂಜುಂಡರಾವ್ ಅವರು ಕರ್ನಾಟಕದ ಊರೂರುಗಳಿಂದ ಇಂಥ ಗೊಂಬೆಗಳನ್ನು ಸಂಗ್ರಹಿಸಿ ಉಳಿಸದೆ ಹೋಗಿದ್ದರೆ ಈ ಶ್ರೇಣಿಯ ಸೂಕ್ಷ್ಮಗಳನ್ನು ಇಂದು ಒಂದೇ ಕಡೆ ಇಟ್ಟು ನೋಡುವುದು ಸಾಧ್ಯವಾಗುತ್ತಿರಲಿಲ್ಲ.

ದೊಡ್ಡಾಟದ ಕ್ರಮ ಬೇರೆ. ಉತ್ತರ ಕರ್ನಾಟಕದ ಬಯಲಾಟದ ಈ ಪ್ರಕಾರದಲ್ಲಿ ಊರಿನ ರೈತರು, ಕಸುಬುದಾರರೇ ಸುಗ್ಗಿ ಮುಗಿದ ಮೇಲೆ ತಿಂಗಳುಗಟ್ಟಲೆ ಕಲಿತು, ಎತ್ತರದ ಅಟ್ಟ ಕಟ್ಟಿ, ಭಾಗವತನ ಹಾಡು ಹಾಗೂ ಮದ್ದಳೆ, ತಾಳ, ಮುಖವೀಣೆಗಳ ಹಿಮ್ಮೇಳದಲ್ಲಿ ಬೆಳಗಿನ ತನಕ ಆಡುತ್ತಿದ್ದರು. ರಾಕ್ಷಸ ಪಾತ್ರ ಪ್ರವೇಶಿಸುವಾಗ ಪಂಜಿನ ಉರಿಗೆ ರಾಳದ ಪುಡಿ ಎರಚಿ ಭುಗಿಲೆಬ್ಬಿಸುವುದು, ಆರ್ಭಟಿಸುತ್ತ ಅಟ್ಟವೇ ಅದುರುವಂತೆ ಕುಣಿಯುವುದು ಇವೆಲ್ಲ ಪಾತ್ರವನ್ನು ಹಿಗ್ಗಿಸುವ ಉಪಾಯಗಳು. ಆದರೆ ಆರ್ಭಟ ಮುಗಿದೊಡನೆ ಸಾರಥಿ ಎಂಬ ಪಾತ್ರಧಾರಿ, ಈತ ಒಂದೆಡೆ ಹಾಸ್ಯಗಾರ, ಇನ್ನೊಂದೆಡೆ ಆಟವನ್ನು ನಡೆಸುವ ಸೂತ್ರಧಾರ, ಬಂದವನನ್ನು ತಡೆದು ನಿಲ್ಲಿಸಿ ಅವನ ನಾಮಾಂಕಿತವೇನು, ಊರು ಯಾವುದು, ಬಂದ ಕಾರಣವೇನು ಎಂದು ಕೇಳುತ್ತಾನೆ. ರಾಕ್ಷಸನೂ ತನ್ನ ವಂಶ, ಪರಾಕ್ರಮ, ಪಡೆದ ವರ, ಆದ ಅವಮಾನ ಎಲ್ಲವನ್ನೂ ವಿವರವಾಗಿ ಹೇಳಿಕೊಳ್ಳಬೇಕು. ಹೇಳದೆ ಕಥೆ ಮುಂದೆ ಸಾಗುವಂತಿಲ್ಲ. ಕೊಲ್ಲಲ್ಪಡುವವನಿಗೂ ಮೊದಲು ತನ್ನ ಮಾತನ್ನಾಡುವ ಹಕ್ಕಿದೆ ಎಂಬ ಈ ನಿಯಮ ದೊಡ್ಡಾಟವು ರಂಗಭೂಮಿಗೆ ಕೊಟ್ಟ ಅತ್ಯಂತ ಗೌರವದ ಕಾಣಿಕೆ.

ಈ ನಿಯಮಕ್ಕೆ ಸೀಮೆಯ ಧಾರ್ಮಿಕ ಹಿನ್ನೆಲೆಯೂ ಬಲ ಕೊಟ್ಟಿರಬೇಕು. ಹದಿನೆಂಟನೆಯ ಶತಮಾನದ ದಾಸಸಾಹಿತ್ಯದ ಹಿರಿಯರಲ್ಲಿ ವಿಜಯದಾಸರು ಮಾನ್ವಿ ತಾಲ್ಲೂಕಿನ ಚೀಕಲಪರವಿಯವರು, ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು, ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರು ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದವರು. ಈ ದಾಸರು ನಂಬಿದ ಭಾಗವತ ಪುರಾಣದ ಪ್ರಕಾರ ಹಿರಣ್ಯಾಕ್ಷ ಹಿರಣ್ಯಕಶಿಪು, ರಾವಣ ಕುಂಭಕರ್ಣ, ಶಿಶುಪಾಲ ದಂತವಕ್ರ ಈ ಮೂರು ಜೋಡಿಗಳೂ ವೈಕುಂಠದ ದ್ವಾರಪಾಲಕರಾದ ಜಯವಿಜಯರೇ. ಸನಕಾದಿ ಮುನಿಗಳ ಶಾಪದಿಂದ ಮೂರು ಜನ್ಮ ಹರಿಯ ವೈರಿಗಳಾಗಿ ಹುಟ್ಟಿದವರು. ದ್ವೈತ ಸಿದ್ಧಾಂತವು ಇನ್ನೂ ಮುಂದೆ ಹೋಗಿ ಆ ಒಂದೇ ದೇಹದೊಳಗೆ ಭಕ್ತನಾದ ಜೀವವೂ ಅಸುರನಾದ ಜೀವವೂ ಸೇರಿದ್ದವೆಂದು ವಿವರಿಸುತ್ತದೆ. ಇಂಥ ಕಥೆಗಳನ್ನು ಕೇಳುತ್ತ ಬೆಳೆದ ನೋಡುಗನಿಗೆ ದೈತ್ಯನೆಂದರೆ ಹಲ್ಲು ಉಗುರುಗಳ ರಾಶಿಯಲ್ಲ, ಒಂದು ಹಿಂದಿನ ಕಥೆಯುಳ್ಳ ಜೀವ.

ನೆಲದ ನೆನಪಿನಲ್ಲಿಯೂ ದೈತ್ಯರಿದ್ದಾರೆ. ರಾಯಚೂರು, ಬಳ್ಳಾರಿ ಭಾಗಗಳಲ್ಲಿ ಕಾಣುವ ಬೂದಿದಿಬ್ಬಗಳನ್ನು ಜನರು ಪುರಾಣದ ದೇಹಗಳ ಚಿತಾಭಸ್ಮವೆಂದು ತಿಳಿದಿದ್ದರು. ಬಳ್ಳಾರಿ ಬಳಿಯ ಕುಡತಿನಿಯ ದಿಬ್ಬದ ಬಗ್ಗೆ ಅದು ರಾಕ್ಷಸನೊಬ್ಬನನ್ನು ಸುಟ್ಟ ಬೂದಿ ಎಂಬ ನಂಬಿಕೆಯನ್ನು ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಅಧಿಕಾರಿಗಳು ಬರೆದಿಟ್ಟಿದ್ದಾರೆ, ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ಇಂದಿಗೂ ವಾಲಿಯ ಬೂದಿ ಎನ್ನುತ್ತಾರೆ. ರೇಮಂಡ್ ಆಲ್ಚಿನ್ ಅವರು 1957ರಲ್ಲಿ ಕೃಷ್ಣೆಯ ಆಚೆ ದಡದ ಉಟ್ನೂರಿನಲ್ಲಿ ಉತ್ಖನನ ನಡೆಸಿ, ಈ ಬೂದಿಯು ನವಶಿಲಾಯುಗದ ದನಗಾಹಿಗಳು ದೊಡ್ಡಿಯಲ್ಲಿ ಕೂಡಿದ ಸಗಣಿಯನ್ನು ಮತ್ತೆಮತ್ತೆ ಸುಟ್ಟದ್ದರಿಂದ ಬಂದದ್ದೆಂದು ತೋರಿಸಿದರು. ದನಗಳ ಗೊರಸಿನ ಗುರುತುಗಳೂ ಅಲ್ಲಿ ಸಿಕ್ಕವು.

ಬಯಲಿನ ಈ ದೈತ್ಯರಿಗೆ ಹೊರಗಿನವರು ಜೊತೆಯಾದದ್ದು ರೈಲಿನಿಂದಾಗಿ. ಮುಂಬಯಿ ಕಡೆಯಿಂದ ಬಂದ ಜಿ.ಐ.ಪಿ. ರೈಲುಮಾರ್ಗವೂ ಮದ್ರಾಸಿನ ಕಡೆಯಿಂದ ಬಂದ ಮಾರ್ಗವೂ 1871ರಲ್ಲಿ ಸೇರಿದ್ದು ರಾಯಚೂರಿನಲ್ಲಿಯೇ. ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ, ಕನ್ನಡ, ತೆಲುಗು, ಉರ್ದು ಮೂರೂ ಬೀದಿಯಲ್ಲಿ ಕೇಳಿಬರುತ್ತಿದ್ದ ಈ ನಗರವು ಹೀಗೆ ಚಿತ್ರೋದ್ಯಮದ ಎರಡು ದೊಡ್ಡ ಪಟ್ಟಣಗಳ ನಡುವಿನ ದಾರಿಯ ಮೇಲೆ ನಿಂತಿತು. ಕನ್ನಡದ ಮೊದಲ ವಾಕ್ಚಿತ್ರವಾಗಿ 1934ರಲ್ಲಿ ತೆರೆಕಂಡ ‘ಸತಿ ಸುಲೋಚನ’ವೂ ರಾಕ್ಷಸರ ಮನೆಯ ಕಥೆಯೇ: ಇಂದ್ರಜಿತುವಿನ ಹೆಂಡತಿಯ ದುಃಖವನ್ನು ಹೇಳುವ ಈ ಚಿತ್ರದಲ್ಲಿ ಸುಬ್ಬಯ್ಯ ನಾಯ್ಡು ಇಂದ್ರಜಿತುವಾಗಿ, ಆರ್. ನಾಗೇಂದ್ರರಾಯರು ರಾವಣನಾಗಿ ಅಭಿನಯಿಸಿದರು. ಕನ್ನಡ ಸಿನಿಮಾ ಬಾಯಿ ತೆರೆದದ್ದೇ ಲಂಕೆಯ ಕಡೆಯಿಂದ ಎಂಬುದು ದೊಡ್ಡಾಟದ ನಿಯಮಕ್ಕೆ ಹೊಂದಿಕೊಂಡೇ ಇದೆ.

ಅದಕ್ಕೆ ಒಂದು ವರ್ಷ ಮೊದಲು, 1933ರಲ್ಲಿ, ಅಮೆರಿಕದಲ್ಲಿ ‘ಕಿಂಗ್ ಕಾಂಗ್’ ಬಂದಿತ್ತು. ವಿಲ್ಲಿಸ್ ಓ’ಬ್ರಿಯನ್ ಅವರು ಲೋಹದ ಎಲುಬುಗೂಡಿನ ಮೇಲೆ ರಬ್ಬರು, ಹತ್ತಿ ತುಂಬಿ ಮೊಲದ ತುಪ್ಪಳ ಹೊದಿಸಿದ, ಸುಮಾರು ಒಂದೂವರೆ ಅಡಿಯ ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದೊಂದೇ ಚಿತ್ರ ತೆಗೆದು, ಅದು ತಾನಾಗಿ ನಡೆಯುವಂತೆ ಕಾಣಿಸಿದರು. ತೆರೆಯ ಮೇಲಿನ ಒಂದು ಸೆಕೆಂಡಿಗೆ ಇಂಥ 24 ಚಿತ್ರಗಳು ಬೇಕು. ಇದು ಗೊಂಬೆಯ ದಾರಿ. ವೇಷದ ದಾರಿಯನ್ನು ಹಿಡಿದದ್ದು 1954ರ ಜಪಾನಿನ ‘ಗಾಡ್ಜಿಲ್ಲಾ’. ಕಿಂಗ್ ಕಾಂಗನ್ನು ಬಹುವಾಗಿ ಮೆಚ್ಚಿದ್ದ ಐಜಿ ತ್ಸುಬುರಾಯ ಅವರಿಗೆ ಗೊಂಬೆ ಸರಿಸುತ್ತ ಕೂರಲು ಸಮಯವಿರಲಿಲ್ಲವಾದ್ದರಿಂದ ಹರುವೊ ನಕಜಿಮ ಎಂಬ ನಟ ಸುಮಾರು 100 ಕಿಲೊ ತೂಕದ ವೇಷ ತೊಟ್ಟು, ಪುಟ್ಟದಾಗಿ ಕಟ್ಟಿದ ನಗರವನ್ನು ತುಳಿದು ನಡೆದರು. ಹೆಜ್ಜೆಗೆ ಭಾರ ಬರಲೆಂದು ಕ್ಯಾಮೆರಾವನ್ನು ವೇಗವಾಗಿ ಓಡಿಸಿ ತೆರೆಯ ಮೇಲೆ ಚಲನೆಯನ್ನು ನಿಧಾನಗೊಳಿಸಿದರು. ಆ ಪ್ರಾಣಿಯ ಕೂಗನ್ನು ಸಂಗೀತಗಾರ ಅಕಿರ ಇಫುಕುಬೆ ಹೊರಡಿಸಿದ್ದು ರಾಳ ಸವರಿದ ತೊಗಲಿನ ಕೈಗವಸಿನಿಂದ ದೊಡ್ಡ ತಂತಿವಾದ್ಯವನ್ನು ಉಜ್ಜಿ. ಭಾರದ ಕಿರೀಟ ಹೊತ್ತು ರಾತ್ರಿಯಿಡೀ ಕುಣಿದ ಬಯಲಾಟದ ರಾವಣನಿಗೆ ನಕಜಿಮರ ಬೆವರು ಅಪರಿಚಿತವಲ್ಲ.

ಭಾರತದಲ್ಲಿ ಈ ಹೊಸ ದೈತ್ಯರು ಹೆಸರಿನ ಮಟ್ಟದಲ್ಲಿ ಹೆಚ್ಚು ಓಡಾಡಿದರು. ಕಿಂಗ್ ಕಾಂಗ್ ಎಂದರೆ ಬಹಳ ಜನರಿಗೆ ದಾರಾಸಿಂಗರೊಡನೆ ಸೆಣಸಿದ ಭಾರಿ ಮೈಯ ಕುಸ್ತಿಪಟು. ಬಾಬುಭಾಯಿ ಮಿಸ್ತ್ರಿ 1962ರಲ್ಲಿ ಅದೇ ಹೆಸರಿನ ಹಿಂದಿ ಚಿತ್ರ ಮಾಡಿದ್ದು ದಾರಾಸಿಂಗರನ್ನೇ ನಾಯಕರನ್ನಾಗಿಸಿ. ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಸೇರಿಸುವ ಡಬ್ಬಿಂಗನ್ನು ಕನ್ನಡ ಚಿತ್ರರಂಗ ದಶಕಗಳ ಕಾಲ ತಡೆದಿತ್ತು, ಸ್ಪರ್ಧಾ ಆಯೋಗ ಅದರ ವಿರುದ್ಧ ತೀರ್ಪು ಕೊಟ್ಟದ್ದು 2015ರಲ್ಲಿ. ಹಾಗಾಗಿ ಹೊರದೇಶದ ದೈತ್ಯರ ಕಥೆಗಳು ಈ ಸೀಮೆಯವರಿಗೆ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಅಥವಾ ತೆಲುಗಿನಲ್ಲಿ ಸಿಕ್ಕವೇ ಹೊರತು ತಮ್ಮ ನುಡಿಯಲ್ಲಿ ಅಲ್ಲ. ರಾಜ್‌ಕುಮಾರ್ ಅವರ ‘ಮಹಿಷಾಸುರ ಮರ್ದಿನಿ’ (1959) ಮತ್ತು ಹಿರಣ್ಯಕಶಿಪುವಾಗಿ ಅವರು ಗರ್ಜಿಸಿದ ‘ಭಕ್ತ ಪ್ರಹ್ಲಾದ’ (1983) ಚಿತ್ರಗಳು ಆ ಕೊರತೆಯನ್ನು ಕನ್ನಡದ ಮಾತಿನಿಂದಲೇ ತುಂಬಿದವು.

ಸಾರಥಿಯ ಪ್ರಶ್ನೆಯನ್ನು ಅಳತೆಗೋಲಾಗಿಟ್ಟರೆ, ಎಂದರೆ ದೈತ್ಯನಿಗೆ ತಾನು ಯಾರು, ಏಕೆ ಬಂದೆ ಎಂದು ಹೇಳಿಕೊಳ್ಳಲು ಚಿತ್ರ ಎಷ್ಟು ಎಡೆ ಕೊಟ್ಟಿದೆ ಎಂದು ನೋಡಿದರೆ, ಮೊದಲ ಸ್ಥಾನ ಕೆ.ವಿ. ರೆಡ್ಡಿಯವರ ‘ಮಾಯಾಬಜಾರ್’ (1957) ಚಿತ್ರಕ್ಕೆ ಸಲ್ಲಬೇಕು. ಎಸ್.ವಿ. ರಂಗರಾವ್ ಅವರ ಘಟೋತ್ಕಚ ಮೈ ಬೆಳೆಸುತ್ತಾನೆ, ಮದುವೆಯ ಅಡುಗೆಯನ್ನೆಲ್ಲ ಒಬ್ಬನೇ ಉಂಡು ಮುಗಿಸುತ್ತಾನೆ, ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲಿ ಅವರ ಕೈಚಳಕದಿಂದ ಭಕ್ಷ್ಯಗಳು ತಾವಾಗಿ ಅವನ ಬಾಯಿಗೆ ನಡೆದುಬರುತ್ತವೆ. ಆದರೆ ಚಿತ್ರದ ಎತ್ತರ ಇರುವುದು ಅವನು ಹಿಡಿಂಬೆಯ ಮಗನಾಗಿ, ಅಭಿಮನ್ಯುವಿನ ಅಣ್ಣನಾಗಿ ಮಾತಾಡುವುದರಲ್ಲಿ. ಅವನು ಮದುಮಗಳು ಶಶಿರೇಖೆಯ ರೂಪ ತಾಳಿದಾಗ ಸಾವಿತ್ರಿಯವರು ಹುಡುಗಿಯ ಮೈಯಲ್ಲೇ ರಾಕ್ಷಸನ ಠೀವಿಯನ್ನು ಅಭಿನಯಿಸಿ, ದೈತ್ಯತನಕ್ಕೆ ಗಾತ್ರವೇ ಬೇಡವೆಂದು ತೋರಿಸಿದ್ದನ್ನು ಬೇರಾವ ದೇಶದ ದೈತ್ಯಚಿತ್ರವೂ ಮಾಡಿಲ್ಲ.

ಎರಡನೆಯದು 1954ರ ಗಾಡ್ಜಿಲ್ಲಾ. ಅದಕ್ಕೆ ಮಾತಿಲ್ಲ, ಆದರೆ ಬಂದ ಕಾರಣ ಪ್ರತಿಯೊಂದು ದೃಶ್ಯದಲ್ಲಿಯೂ ಇದೆ: ಆ ವರ್ಷದ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ನಡೆದ ಅಮೆರಿಕದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ವಿಷಧೂಳು ಜಪಾನಿನ ಮೀನುಗಾರರ ದೋಣಿಯ ಮೇಲೆ ಬಿದ್ದಿತ್ತು, ಚಿತ್ರದ ಪ್ರಾಣಿಯೂ ಅಂಥ ಸ್ಫೋಟದಿಂದಲೇ ಎದ್ದುಬರುತ್ತದೆ. ಮೂರನೆಯ ಸ್ಥಾನ ಕಾಂಗನದು. ದ್ವೀಪದಿಂದ ಸರಪಳಿ ಕಟ್ಟಿ ತಂದವರು ಯಾರೆಂದು ಅವನ ಕಣ್ಣೇ ಹೇಳುತ್ತದೆ, ಆದರೆ ಆ ದ್ವೀಪದ ಮನುಷ್ಯರನ್ನು ಚಿತ್ರ ಕೀಳಾಗಿ ಕಂಡಿರುವುದು ಅವನ ದುಃಖಕ್ಕೂ ಮಸಿ ಬಳಿಯುತ್ತದೆ. ‘ಜುರಾಸಿಕ್ ಪಾರ್ಕ್’ (1993) ಕೌಶಲದಲ್ಲಿ ಇವೆಲ್ಲವನ್ನೂ ಮೀರಿಸಿದರೂ ಅದರ ಪ್ರಾಣಿಗಳು ಹಸಿದಿವೆಯೇ ಹೊರತು ಅವುಗಳಿಗೆ ಹೇಳುವುದೇನೂ ಇಲ್ಲವಾದ್ದರಿಂದ ನಾಲ್ಕನೆಯದು. ಬಾಂಬಿನ ಹೊಣೆಯನ್ನು ಅಮೆರಿಕದ ಬದಲು ಫ್ರಾನ್ಸಿನ ಮೇಲೆ ಹೊರಿಸಿ, ಗಾಡ್ಜಿಲ್ಲಾವನ್ನು ಬರಿಯ ಓಡುವ ಹಲ್ಲಿಯಾಗಿಸಿದ 1998ರ ಹಾಲಿವುಡ್ ಚಿತ್ರ ಕೊನೆಗೆ ನಿಲ್ಲುತ್ತದೆ.

ಆಡಿಸುವವರ ಕಾಲ ಈ ನಡುವೆ ಬದಲಾಯಿತು. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿಯ ಹೊಲಗಳನ್ನು, ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಹೊಲಗಳನ್ನು ತಲುಪಿದ ಮೇಲೆ ಜೋಳದ ಸುಗ್ಗಿಯ ನಂತರದ ಬಿಡುವು ಭತ್ತದ ದುಡಿಮೆಯಲ್ಲಿ ಕರಗಿತು; ಆಟ ಕಲಿಯುವ ತಿಂಗಳುಗಳೇ ಇಲ್ಲದಾದವು. 1997ರಲ್ಲಿ ರಾಯಚೂರಿನಿಂದ ಬೇರೆಯಾದ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರು ಮಾತ್ರ ಜೀವಮಾನವಿಡೀ ತೊಗಲುಗೊಂಬೆಗಳನ್ನು ಆಡಿಸಿದರು, ತೊಂಬತ್ತು ದಾಟಿದ ವಯಸ್ಸಿನಲ್ಲಿ ಅವರಿಗೆ 2025ರ ಪದ್ಮಶ್ರೀ ಪ್ರಶಸ್ತಿ ಸಂದಿತು. ಅವರ ಪರದೆಯ ಮೇಲಿನ ರಾವಣ ಹತ್ತು ತಲೆ ಹೊತ್ತು ಬಂದು, ಮೊದಲು ತನ್ನ ಹೆಸರು ಹೇಳಿಯೇ ಯುದ್ಧಕ್ಕಿಳಿಯಬೇಕು.