ಬೆಕ್ಕಿನ ಹಲ್ಲು ಎಣಿಸಿದವರು

ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದೆಂದು ಹಿರಿಯರು ಹೇಳುತ್ತಾರೆ. ಎಂದ ಮೇಲೆ, ಹಣ ಕೊಟ್ಟು ಕೊಳ್ಳುವ ಎಮ್ಮೆಯ ಹಲ್ಲನ್ನು ನೋಡಿಯೇ ನೋಡುತ್ತಿದ್ದರೆಂದು ಅರ್ಥವಾಯಿತು. ಹಲ್ಲಿನಿಂದ ವಯಸ್ಸು, ವಯಸ್ಸಿನಿಂದ ಬೆಲೆ. ಆದರೆ ಬೆಕ್ಕಿನ ಹಲ್ಲನ್ನು ಎಣಿಸಿದವರು ಯಾರು? ಅದನ್ನು ಸಂತೆಗೆ ಹೊಡೆದುಕೊಂಡು ಹೋದವರೇ ಇಲ್ಲವಲ್ಲ!

ಬೆಳೆದ ಬೆಕ್ಕಿಗೆ 30 ಹಲ್ಲುಗಳಿರುತ್ತವೆಂದು ನನಗೆ ತಿಳಿದದ್ದು, ನಮ್ಮ ಮನೆಯ ಬೆಕ್ಕು ತಟ್ಟೆಯ ತನಕ ಬಂದು, ಮೂಸಿ, ಹಿಂದಕ್ಕೆ ಹೋಗಲು ತೊಡಗಿದ ಮೇಲೆ. ಪಶುವೈದ್ಯರು ಅದರ ತುಟಿಯೆತ್ತಿ ತೋರಿಸಿದರು. ವಸಡು ಕೆಂಪಾಗಿತ್ತು, ದವಡೆ ಹಲ್ಲಿಗೆ ಕಂದು ಕಿಟ್ಟ ಕಟ್ಟಿತ್ತು. ಹಲ್ಲು ಶುಚಿ ಮಾಡಿಸಬೇಕೆಂದರು. ಬೆಕ್ಕಿಗೂ ದಂತವೈದ್ಯವೇ ಎಂದು ನಕ್ಕೆ. ಆ ನಗು ನನ್ನೊಬ್ಬನದಲ್ಲ, ಬಹಳ ಹಳೆಯದೆಂದು ಆಮೇಲೆ ತಿಳಿಯಿತು.

ಪಶುವೈದ್ಯವು ಮೊದಲಿಂದಲೂ ಬೆಲೆಯನ್ನು ಹಿಂಬಾಲಿಸಿ ನಡೆದ ಶಾಸ್ತ್ರ. 1762ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಮೊದಲ ಪಶುವೈದ್ಯ ಶಾಲೆಯನ್ನು ತೆರೆದ ಕ್ಲೋದ್ ಬೂರ್ಜೆಲಾ ಕುದುರೆ ಸವಾರಿಯ ಶಿಕ್ಷಕ. 1791ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಕಾಲೇಜಿನಲ್ಲಿಯೂ ಕುದುರೆಗೇ ಅಗ್ರಪೂಜೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅಮೆರಿಕದ ಮೆರಿಲಾಟ್ ಪ್ರಾಣಿಗಳ ದಂತವೈದ್ಯವನ್ನು ಕುರಿತು ಗ್ರಂಥ ಬರೆದಾಗಲೂ ಅದರ ನಾಯಕ ಕುದುರೆಯೇ. ಇಷ್ಟರೊಳಗೆ ಬೆಕ್ಕು ಅಡಿಗೆಮನೆಯಿಂದ ಪಡಸಾಲೆಗೆ ಬಂದಿತ್ತು: 1871ರಲ್ಲಿ ಹ್ಯಾರಿಸನ್ ವಿಯರ್ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸಿನಲ್ಲಿ ಬೆಕ್ಕುಗಳ ಪ್ರದರ್ಶನ ನಡೆಸಿದ್ದನು. ಜನ ಅದರ ತುಪ್ಪಳವನ್ನು ಮೆಚ್ಚಿದರು; ಬಾಯಿಯೊಳಗಿನ ನೋವನ್ನು ಅರಿಯಲು ಇನ್ನೂ ನೂರು ವರ್ಷ ಹಿಡಿಯಿತು.

ಅದಕ್ಕೆ ಬೇಕಾದ ಅರಿವೆಲ್ಲ ಮನುಷ್ಯನ ಬಾಯಿಂದಲೇ ಬಂದದ್ದು. 1683ರಲ್ಲಿ ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತನ್ನ ಹಲ್ಲಿನ ಪಾಚಿಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು, ಅಲ್ಲಿ ಓಡಾಡುವ ಜೀವಿಗಳನ್ನು ಕಂಡನು. ಆ ಪಾಚಿಯೇ ವಸಡಿನ ಬಾವಿಗೆ ಮೂಲವೆಂಬುದು ಸ್ಪಷ್ಟವಾಗಿ ಸಿದ್ಧವಾದದ್ದು 1965ರಲ್ಲಿ. ಡೆನ್ಮಾರ್ಕಿನಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು ಹನ್ನೆರಡು ಮಂದಿಗೆ ಹಲ್ಲುಜ್ಜುವುದನ್ನು ನಿಲ್ಲಿಸಿದರು. ಮೂರು ವಾರದೊಳಗೆ ಎಲ್ಲರ ವಸಡೂ ಕೆಟ್ಟಿತು. ಮತ್ತೆ ಉಜ್ಜತೊಡಗಿದಾಗ ವಾಸಿಯಾಯಿತು. ಬೆಕ್ಕಿಗೂ ಇದೇ ನ್ಯಾಯ. ಪಾಚಿ ಎಂಜಲಿನ ಲವಣ ಸೇರಿ ಕಲ್ಲಾಗುತ್ತದೆ. ಅದರ ಮರೆಯಲ್ಲಿ ರೋಗ ವಸಡಿನ ಕೆಳಕ್ಕೆ ಇಳಿಯುತ್ತದೆ.

ಆದರೆ ಬೆಕ್ಕಿಗೆ ಗಂಟೆ ಕಟ್ಟುವುದೇ ಕಷ್ಟವೆಂದ ಮೇಲೆ, ಅದರ ವಸಡಿನಡಿ ಉಪಕರಣ ಹಾಕುವವರಾರು? ಈ ಪ್ರಶ್ನೆಗೆ ಉತ್ತರದ ದಾರಿ ತೋರಿಸಿದವನೂ ದಂತವೈದ್ಯನೇ. 1846ರಲ್ಲಿ ಬಾಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಈಥರಿನಿಂದ ರೋಗಿಯ ಅರಿವು ತಪ್ಪಿಸಿ, ಶಸ್ತ್ರಚಿಕಿತ್ಸೆಗೆ ಅನುವು ಮಾಡಿಕೊಟ್ಟನು. 1950ರ ದಶಕದಲ್ಲಿ, ಕಿವಿಗೆ ಕೇಳದಷ್ಟು ವೇಗದ ಕಂಪನದಿಂದ ಕಿಟ್ಟ ಬಿಡಿಸುವ ಯಂತ್ರ ದಂತವೈದ್ಯರ ಕೈಗೆ ಬಂದಿತು. 1976ರಲ್ಲಿ ಅಮೆರಿಕದಲ್ಲಿ ಪಶುದಂತವೈದ್ಯರ ಸಂಘವೂ, 1988ರಲ್ಲಿ ತಜ್ಞರ ಪರಿಷತ್ತಾದ ಅಮೆರಿಕನ್ ವೆಟರ್ನರಿ ಡೆಂಟಲ್ ಕಾಲೇಜೂ ಸ್ಥಾಪನೆಯಾದವು.

ಅರಿವಳಿಕೆಯಿಲ್ಲದೆ, ಬೆಕ್ಕನ್ನು ಹಿಡಿದುಕೊಂಡು ಕಿಟ್ಟ ಕೆರೆಯುವುದನ್ನು ಆ ಪರಿಷತ್ತು ಒಪ್ಪುವುದಿಲ್ಲ. ಹಲ್ಲು ಬೆಳ್ಳಗೆ ಕಾಣುತ್ತದೆ, ಯಜಮಾನನಿಗೆ ಸಮಾಧಾನವಾಗುತ್ತದೆ. ರೋಗ ವಸಡಿನಡಿ ಹಾಗೆಯೇ ಉಳಿಯುತ್ತದೆ. ಗೋಡೆಗೆ ಸುಣ್ಣ ಬಳಿದು ಗೆದ್ದಲನ್ನು ಒಳಗೇ ಬಿಟ್ಟ ಹಾಗೆ.

ಅರಿವಳಿಕೆಯೆಂದರೆ ನನಗೂ ಅಂಜಿಕೆಯಿತ್ತು. ವೈದ್ಯರು ಮೊದಲು ರಕ್ತ ಪರೀಕ್ಷೆ ಮಾಡಿದರು. ಬೆಕ್ಕು ಮಲಗಿದ ಮೇಲೆ, ನೀರು ಶ್ವಾಸಕ್ಕೆ ಇಳಿಯದಂತೆ ಗಂಟಲಿಗೆ ನಳಿಗೆಯಿಟ್ಟು, ವಸಡಿನ ಮೇಲೂ ಕೆಳಗೂ ಕಿಟ್ಟ ತೆಗೆದು, ಹಲ್ಲಿಗೆ ಮೆರುಗು ಕೊಟ್ಟರು. ಎಕ್ಸ್‌ರೇಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಮೇಲೆ ಗಟ್ಟಿಯಾಗಿ ಕಾಣುತ್ತಿದ್ದ ಒಂದು ಹಲ್ಲಿನ ಬೇರು ಒಳಗೇ ಕರಗುತ್ತಿತ್ತು. ಬೆಕ್ಕುಗಳಲ್ಲಿ ಇದು ಅಪರೂಪವಲ್ಲವಂತೆ, ಬಹಳ ನೋವಂತೆ. ಆ ಹಲ್ಲನ್ನು ಕಿತ್ತರು.

ಅಷ್ಟು ದಿನ ಅದು ಒಮ್ಮೆಯೂ ಕೂಗಿರಲಿಲ್ಲ. ನನ್ನ ಮನಸ್ಸಿಗೆ ಚುಚ್ಚಿದ್ದು ಅದೇ. ಬೆಲೆ ಕಟ್ಟಲೆಂದು ಪ್ರಾಣಿಯ ಬಾಯಿ ತೆರೆಸಿದ ಮನುಷ್ಯ, ನೋವು ತಿಳಿಯಲೆಂದು ತೆರೆಸಲು ಕಲಿತದ್ದು ತೀರ ಈಚೆಗೆ. ವಾರದ ಮೇಲೆ ನಮ್ಮ ಬೆಕ್ಕು ತಟ್ಟೆಯ ಬಳಿಗೆ ಬಂದು, ಮೂಸಿ, ಕುಳಿತು ತಿಂದಿತು. ಈಗ ರಾತ್ರಿ ಅದರ ತುಟಿಯೆತ್ತಿ, ಬೆಕ್ಕಿಗೆಂದೇ ಮಾಡಿದ ಪೇಸ್ಟಿನಿಂದ ಹಲ್ಲುಜ್ಜುತ್ತೇನೆ. ಮನೆಯವರು ನಗುತ್ತಾರೆ. ನಗಲಿ, ನಾನೂ ನಕ್ಕವನೇ.